ಗರ್ಭಪಾತಕ್ಕೆ ಗಂಡನ ಒಪ್ಪಿಗೆ ಬೇಡವೆನ್ನುವುದು ನೈತಿಕವಾಗಿ ಸರಿಯೇ?

ನಿಮ್ಮ ಪ್ರಶ್ನೆಯಲ್ಲಿ ಎರಡು ಮಾತುಗಳಿವೆ. ಹುಟ್ಟಬೇಕಾದ ಜೀವವನ್ನು ತೆಗೆಯಲು ಕಾನೂನು ಒಪ್ಪಿದ ಮಾತ್ರಕ್ಕೆ ಅದು ನೈತಿಕವಾಗುತ್ತದೆಯೇ ಎಂಬುದು ಒಂದು; ಹೆಂಡತಿಯ ಒಪ್ಪಿಗೆಯೊಂದೇ ಸಾಕೆಂದರೆ ತಂದೆಯಾಗುವವನಿಗೆ ಅನ್ಯಾಯವಲ್ಲವೇ ಎಂಬುದು ಇನ್ನೊಂದು. ನಾನು ದಕ್ಷಿಣ ಕೊಡಗಿನ ಒಂದು ಉಪಕೇಂದ್ರದಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿದ್ದು ನಿವೃತ್ತಳಾದವಳು. ಎರಡನೆಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನನ್ನ ಮಟ್ಟಿಗೆ ಮೊದಲನೆಯದಕ್ಕೆ ಉತ್ತರ ಸಿಕ್ಕಿದ್ದು ಅಲ್ಲಿಯೇ.

2014ರ ಮಳೆಗಾಲ. ಕಾಫಿ ತೋಟದ ಲೈನ್‌ಮನೆಯಲ್ಲಿದ್ದ ಒಬ್ಬ ಹೆಂಗಸು. ಮೂರು ಮಕ್ಕಳು, ಕೊನೆಯದಕ್ಕೆ ಎಂಟು ತಿಂಗಳು. ಹಾಲೂಡಿಸುತ್ತಿದ್ದುದರಿಂದ ಮುಟ್ಟು ಮರಳಿ ಬಂದಿರಲಿಲ್ಲ, ಆದ್ದರಿಂದ ಬಸಿರು ನಿಂತದ್ದು ಆಕೆಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ 11 ವಾರ ಎಂದರು. ಗರ್ಭಪಾತದ ಒಪ್ಪಿಗೆ ಪತ್ರವಾದ ಸಿ ನಮೂನೆ ಮೇಜಿನ ಮೇಲೆಯೇ ಇತ್ತು: ಹೆಸರು, ಇಂಥವರ ಮಗಳು ಅಥವಾ ಹೆಂಡತಿ, ವಯಸ್ಸು, ವಿಳಾಸ, ಕೆಳಗೆ ಆಕೆಯ ಸಹಿ. ಗಂಡ ಸಹಿ ಮಾಡಬೇಕಾದ ಜಾಗ ಆ ಹಾಳೆಯಲ್ಲಿ ಇಲ್ಲವೇ ಇಲ್ಲ. ಆದರೂ ಅಲ್ಲಿದ್ದವರು ಅದರ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಗೀಟು ಎಳೆದು, ‘ಇಲ್ಲಿ ನಿನ್ನ ಗಂಡನ ಸಹಿ ಹಾಕಿಸಿಕೊಂಡು ಬಾ’ ಎಂದು ಕಳುಹಿಸಿಬಿಟ್ಟರು.

ಗಂಡ ಹೆಗ್ಗಡದೇವನಕೋಟೆಯ ಕಡೆ ಶುಂಠಿ ಹೊಲದ ಕೆಲಸಕ್ಕೆ ಹೋಗಿದ್ದ. ಫೋನು ಸಿಗಲಿಲ್ಲ. ಕಕ್ಕಡ ತಿಂಗಳ ಮಳೆಗೆ ತೋಡುಗಳೆಲ್ಲ ತುಂಬಿ ಬಸ್ಸು ಎರಡು ದಿನ ಬರಲಿಲ್ಲ. ಕೆಲಸ ಬಿಟ್ಟರೆ ಆ ದಿನದ ಕೂಲಿಯೂ ಇಲ್ಲ. ಮತ್ತೆ ಆಸ್ಪತ್ರೆಗೆ ಹೋಗುವಷ್ಟರಲ್ಲಿ 12 ವಾರ ದಾಟಿತ್ತು, ಆಗಿನ ಕಾನೂನಿನಂತೆ 12 ವಾರ ದಾಟಿದ ಮೇಲೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕಾಗಿತ್ತು, ಎರಡನೆಯ ವೈದ್ಯರು ಆ ವಾರ ರಜೆಯಲ್ಲಿದ್ದರು. ಆಕೆ ಮನೆಗೆ ಮರಳಿ, ಯಾರೋ ಕೊಟ್ಟ ಏನನ್ನೋ ನುಂಗಿದಳು. ನಾನು ಹೋದಾಗ ಚಾಪೆಯ ಪಕ್ಕದಲ್ಲಿ ಹಳೆಯ ಸೀರೆಯ ತುಂಡುಗಳು ನೆನೆದು ಮುದ್ದೆಯಾಗಿದ್ದವು, ಮಗು ಆಕೆಯ ಎದೆಗೆ ಬಾಯಿಟ್ಟೇ ಮಲಗಿತ್ತು. ತೋಟದ ಜೀಪಿನಲ್ಲಿ ಮಡಿಕೇರಿಗೆ ಕರೆದೊಯ್ದೆವು. ರಕ್ತ ಕೊಟ್ಟರು, ಉಳಿದಳು. ಕೆಲವು ದಿನಗಳ ಮೇಲೆ ಬಂದ ಗಂಡ ನನ್ನನ್ನು ಕೇಳಿದ್ದು ಇಷ್ಟೇ: ‘ನಾನು ಹೂಂ ಅನ್ನುತ್ತಿದ್ದೆನಲ್ಲ ಸಿಸ್ಟರ್, ನನ್ನ ಒಂದು ಹೂಂಗಾಗಿ ಇವಳನ್ನು ಇಷ್ಟು ದಿನ ಕಾಯಿಸಿದರಾ?’

ಆ ಪೆನ್ಸಿಲ್ ಗೀಟಿಗೆ ಕಾನೂನಿನಲ್ಲಿ ಯಾವ ಆಧಾರವೂ ಇರಲಿಲ್ಲ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ 3ನೆಯ ಕಲಮಿನ 4ನೆಯ ಉಪಕಲಮಿನಂತೆ ಬೇಕಾದುದು ಗರ್ಭಿಣಿಯ ಒಪ್ಪಿಗೆ ಮಾತ್ರ. 18 ತುಂಬದವಳಿಗೆ ಅಥವಾ ಮಾನಸಿಕ ಅಸ್ವಸ್ಥಳಿಗೆ ಪೋಷಕರ ಒಪ್ಪಿಗೆ ಬೇಕು. ಹಾಗಿದ್ದರೂ ಈ ಕಾಯ್ದೆ ಹೆಣ್ಣಿನ ಹಕ್ಕಿನ ಕಾಯ್ದೆಯಾಗಿ ಹುಟ್ಟಲಿಲ್ಲ ಎಂಬುದನ್ನೂ ಹೇಳಬೇಕು. ಕದ್ದು ಮಾಡಿಸುವ ಗರ್ಭಪಾತಗಳಿಂದ ಹೆಂಗಸರು ಸಾಯುತ್ತಿದ್ದುದನ್ನು ಕಂಡ ಶಾಂತಿಲಾಲ್ ಶಾ ಸಮಿತಿ 1966ರಲ್ಲಿ ವರದಿ ಕೊಟ್ಟಿತು, ಜನಸಂಖ್ಯೆಯ ಆತಂಕವೂ ಅದಕ್ಕೆ ಜೊತೆಗೂಡಿತು, ಕಾಯ್ದೆ ಬಂತು. ಗರ್ಭಪಾತ ಮಾಡಿಸುವುದು ಭಾರತೀಯ ದಂಡ ಸಂಹಿತೆಯಲ್ಲಿ ಅಪರಾಧವಾಗಿಯೇ ಉಳಿಯಿತು, ಇಂದಿನ ನ್ಯಾಯ ಸಂಹಿತೆಯ 88ನೆಯ ಕಲಮಿನಲ್ಲಿಯೂ ಉಳಿದಿದೆ. ವೈದ್ಯರು ಸದ್ಭಾವನೆಯಿಂದ ಅಭಿಪ್ರಾಯ ತಳೆದು ಮಾಡಿದರೆ ಮಾತ್ರ ಅದು ಅಪರಾಧವಲ್ಲ. ಅಂದರೆ ಕಾನೂನು ಮೊದಲು ಕಾಪಾಡಿದ್ದು ವೈದ್ಯರನ್ನು. ತನ್ನ ತಲೆಯ ಮೇಲೆ ಏನೂ ಬರಬಾರದೆಂದು ವೈದ್ಯ ಇನ್ನೊಂದು ಸಹಿ ಕೇಳುವ ಅಭ್ಯಾಸದ ಬೇರು ಇಲ್ಲಿದೆ ಎಂದು ನಾನು ತಿಳಿದಿದ್ದೇನೆ.

2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತೆಯರು, ಬಸುರಿಯಾಗಿರುವಾಗಲೇ ವಿಧವೆಯಾದವರು ಅಥವಾ ವಿಚ್ಛೇದನ ಪಡೆದವರು ಮುಂತಾದ ಕೆಲವರಿಗೆ 24 ವಾರದವರೆಗೆ ಅವಕಾಶವಿದೆ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು ಮದುವೆಯಾಗದವಳಿಗೂ ಆ ಅವಕಾಶ ಉಂಟು ಎಂದು ತೀರ್ಪು ಕೊಟ್ಟಿತು, ಕಾಯ್ದೆ ಕೇಳದ ಷರತ್ತುಗಳನ್ನು ವೈದ್ಯರು ಹೇರಬಾರದೆಂದೂ ಹೇಳಿತು. ಆ ಮೂವರು ನ್ಯಾಯಮೂರ್ತಿಗಳಲ್ಲಿ ಒಬ್ಬರಾದ ಎ. ಎಸ್. ಬೋಪಣ್ಣನವರು ನಮ್ಮ ಕೊಡಗಿನವರು. ಅದನ್ನು ಓದಿದ ದಿನ ನನಗೆ ಆ ಪೆನ್ಸಿಲ್ ಗೀಟು ನೆನಪಾಯಿತು.

ಈಗ ನಿಮ್ಮ ಮೊದಲ ಮಾತು. ಭ್ರೂಣಹತ್ಯೆ ಪಾಪವೆಂದು ನಂಬಿದವರ ನಡುವೆಯೇ ನಾನು ಬೆಳೆದವಳು, ಆ ನಂಬಿಕೆಯನ್ನು ಹಗುರವಾಗಿ ಕಾಣಲಾರೆ. ಗರ್ಭದಲ್ಲಿರುವುದು ಏನೂ ಅಲ್ಲ ಎನ್ನುವವರ ಮಾತನ್ನೂ ಒಪ್ಪಲಾರೆ, ಏಕೆಂದರೆ ಎದೆಬಡಿತ ಕೇಳಿಸಿಕೊಂಡು ತಾಯಿ ಕಾರ್ಡಿನಲ್ಲಿ ಬರೆದ ಕೈ ನನ್ನದು. ಆದರೆ 8 ವಾರದ ಗರ್ಭಕ್ಕೂ 28 ವಾರದ ಗರ್ಭಕ್ಕೂ ನಾವು ಒಂದೇ ತೂಕ ಕೊಡುವುದಿಲ್ಲ, ಆರಂಭದಲ್ಲಿಯೇ ಬಸಿರು ಇಳಿದುಹೋದಾಗ ಯಾವ ಮನೆಯಲ್ಲಿಯೂ ಸೂತಕ ಹಿಡಿದು ತಿಥಿ ಮಾಡಿದ್ದನ್ನು ನಾನು ಕಂಡಿಲ್ಲ. ವಾರ ಕಳೆದಂತೆ ಆ ಜೀವದ ತೂಕ ಏರುತ್ತದೆ ಎಂಬುದು ನನ್ನ ನಿಲುವು. ಇದನ್ನು ಒಪ್ಪುವವರು ಆಕೆಯ ಒಂದೊಂದು ದಿನವನ್ನೂ ಉಳಿಸಿಕೊಡಬೇಕು. ಗಂಡನ ಸಹಿಗಾಗಿ ಆಕೆಯನ್ನು ಅಲೆದಾಡಿಸಿದ ಆಸ್ಪತ್ರೆ, 11 ವಾರದಲ್ಲಿ ಮುಗಿಯಬೇಕಾದುದನ್ನು 12 ವಾರ ದಾಟಿಸಿತು, ಕೊನೆಗೆ ತಾಯಿಯನ್ನೂ ಕಳೆದುಕೊಳ್ಳುವ ಹಂತಕ್ಕೆ ತಂದಿತು.

ಕಷ್ಟದ ಸಂದರ್ಭಗಳಿಲ್ಲವೆಂದಲ್ಲ. 2023ರ ಅಕ್ಟೋಬರಿನಲ್ಲಿ ಎರಡು ಮಕ್ಕಳ ತಾಯಿಯೊಬ್ಬಳು 26 ವಾರಗಳ ಗರ್ಭದೊಂದಿಗೆ ಸುಪ್ರೀಂ ಕೋರ್ಟಿಗೆ ಬಂದಿದ್ದಳು. ಆಕೆಗೂ ಹಾಲೂಡಿಸುತ್ತಿದ್ದುದರಿಂದ ಬಸಿರು ತಿಳಿದಿರಲಿಲ್ಲ. ಇಬ್ಬರು ನ್ಯಾಯಮೂರ್ತಿಗಳ ಪೀಠ ಒಡೆಯಿತು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರು ತಾಯಿಯ ನಿರ್ಧಾರವನ್ನು ಗೌರವಿಸಬೇಕೆಂದರು, ನಂತರ ಮೂವರ ಪೀಠ ಅನುಮತಿ ನಿರಾಕರಿಸಿತು. ಹೊರಬಂದರೆ ಬದುಕಬಹುದಾದ ಮಗು ಅದು. ಅಲ್ಲಿ ಎರಡು ಜೀವಗಳ ಹಕ್ಕು ನಿಜವಾಗಿಯೂ ಎದುರುಬದುರಾಗುತ್ತದೆ, ಆ ತೀರ್ಪನ್ನು ತಪ್ಪೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಆದರೆ ಅಂಥ ಒಂದು ಪ್ರಕರಣದ ನೆರಳನ್ನು ಎಂಟನೆಯ, ಹತ್ತನೆಯ ವಾರದಲ್ಲಿ ಬರುವವರ ಮೇಲೆ ಚೆಲ್ಲುವುದು ತಪ್ಪು.

ಹೆಣ್ಣು ಭ್ರೂಣದ ವಿಷಯ ಬೇರೆ. ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ನಡೆಸಿದ ದಂಧೆ 2023ರಲ್ಲಿ ಬಯಲಾಯಿತಲ್ಲ, ಅಲ್ಲಿನ ಅಪರಾಧದ ಮೂಲ ಲಿಂಗ ಪತ್ತೆ. ಅದನ್ನು ತಡೆಯಲು 1994ರ ಕಾಯ್ದೆ ಬೇರೆಯೇ ಇದೆ. ಅದರ ಭಯದಿಂದ ಎಲ್ಲ ಹೆಂಗಸರನ್ನೂ ಅನುಮಾನದಿಂದ ನೋಡಿ ಹಿಂದಕ್ಕೆ ಕಳುಹಿಸಬಾರದು.

ತಂದೆಯಾಗುವವನ ನೋವು ಸುಳ್ಳೆಂದು ನಾನು ಹೇಳುವುದಿಲ್ಲ. ಮಾತಾಡಿಕೊಳ್ಳುವ ಸಂಸಾರಗಳಲ್ಲಿ ಅವನ ಮಾತಿಗೆ ಬೆಲೆ ಇದ್ದೇ ಇರುತ್ತದೆ, ಅದಕ್ಕೆ ಕಾನೂನಿನ ಸಹಿ ಬೇಕಿಲ್ಲ. ಮಾತಿಲ್ಲದ, ಹೊಡೆತವಿರುವ ಮನೆಗಳಲ್ಲಿ ಆ ಸಹಿಯೇ ಅವನ ಕೈಗೆ ಇನ್ನೊಂದು ಬೆತ್ತವಾಗುತ್ತದೆ. ಹೊರುವ ದೇಹ, ಹೆರುವ ಅಪಾಯ ಆಕೆಯದು, ಆದ್ದರಿಂದ ಕೊನೆಯ ಮಾತೂ ಆಕೆಯದು. ನಿಮ್ಮ ಮನೆಯಲ್ಲಿಯೇ ಇಂಥ ಸಂದರ್ಭ ಬಂದಿದ್ದರೆ ತಡಮಾಡದೆ ಆಕೆಯ ಜೊತೆಗೆ ಹೋಗಿ. 9 ವಾರದೊಳಗಾದರೆ ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರೆಯಿಂದಲೇ ಆಗುತ್ತದೆ. ಸಿ ನಮೂನೆಯಲ್ಲಿ ನಿಮ್ಮ ಸಹಿ ಕೇಳಿದರೆ, ಅದಕ್ಕೆ ಇಲ್ಲಿ ಜಾಗವಿಲ್ಲ ಎಂದು ನೀವೇ ಹೇಳಿ. ಗಂಡನ ಬಾಯಿಂದ ಬಂದಾಗ ಆ ಮಾತನ್ನು ಅಲ್ಲಿಯವರು ಬೇಗ ಕೇಳಿಸಿಕೊಳ್ಳುತ್ತಾರೆ.