ಒಂದೇ ಕೆಟ್ಟ ಕನಸು ಮತ್ತೆ ಮತ್ತೆ ಬೀಳುತ್ತಿದ್ದರೆ ಅದಕ್ಕೆ ಅರ್ಥ ಇದೆಯಾ?

ನಿಮ್ಮ ಪ್ರಶ್ನೆ ಓದಿದೆ. ಮನೆಯೊಳಗೆ ನೀರು ನುಗ್ಗುತ್ತದೆ, ಅಮ್ಮನನ್ನು ಕೂಗಲು ಹೋದರೆ ಗಂಟಲಿನಿಂದ ಧ್ವನಿಯೇ ಹೊರಡುವುದಿಲ್ಲ, ಮೈಯೆಲ್ಲ ಬೆವೆತು ಎದ್ದು ಕೂರುತ್ತೀರಿ. ವಾರಕ್ಕೆ ಎರಡು ಮೂರು ರಾತ್ರಿ ಇದೇ ಕಥೆ. ಮುಂದೆ ಏನೋ ಕೆಟ್ಟದ್ದು ಕಾದಿದೆಯಾ ಅನ್ನುವ ಭಯ ನಿಮಗೆ. ತಾಯತ ಕಟ್ಟಿಸೋಣ ಅಂತ ಮನೆಯವರು.

ಮೊದಲು ಆ ಭಯದ ಮಾತು. ಇದು ಮುಂದೆ ಆಗುವುದರ ಸೂಚನೆ ಅಲ್ಲ. ಹಲ್ಲು ಉದುರಿದ ಕನಸು ಬಿದ್ದರೆ ಮನೆಯಲ್ಲಿ ಸಾವು, ಹಾವು ಕಂಡರೆ ನಾಗದೋಷ, ನೀರು ಕಂಡರೆ ಇನ್ನೇನೋ ಅಂತ ಕೇಳುತ್ತಲೇ ಬೆಳೆದವರು ನಾವು. ಆದರೆ ನಮ್ಮ ಹಳಬರೂ ಎಲ್ಲಾ ಕನಸಿಗೂ ಫಲ ಹೇಳಿದವರಲ್ಲ. ಚರಕ ಸಂಹಿತೆಯಲ್ಲಿ ಕನಸನ್ನು ಏಳು ಬಗೆ ಮಾಡಿದ್ದಾರೆ. ಅದರಲ್ಲಿ ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು, ಈ ಐದರಿಂದ ಬರುವ ಕನಸಿಗೆ ಫಲವೇ ಇಲ್ಲ ಅಂತ ಅಲ್ಲೇ ಹೇಳಿದೆ. ನಾವು ಕಾಣುವ ಕನಸು ಬಹುಪಾಲು ಇದರಲ್ಲೇ ಬಂದುಹೋಯಿತು ಅಲ್ವಾ?

ಬೆಳಗಿನ ಜಾವದ ಕನಸು ನಿಜವಾಗುತ್ತದೆ ಅನ್ನುವ ಮಾತು ಹುಟ್ಟಿದ್ದಕ್ಕೂ ಒಂದು ಕಾರಣ ಇದ್ದೀತು. ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ. ಪ್ರತಿ ಸುತ್ತಿನ ಕೊನೆಗೆ ಕಣ್ಣುಗುಡ್ಡೆ ರೆಪ್ಪೆಯ ಒಳಗೆ ಸರಸರ ಓಡಾಡುವ ಒಂದು ಹಂತ ಬರುತ್ತದೆ. ರೆಮ್ ನಿದ್ದೆ ಅನ್ನುತ್ತಾರೆ. 1953ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ಇದನ್ನು ಮೊದಲು ವಿವರಿಸಿದರು. ಕಣ್ಣಿಗೆ ಕಟ್ಟಿದಂತಹ ಕನಸುಗಳು ಹೆಚ್ಚಾಗಿ ಬೀಳುವುದು ಆಗಲೇ. ರಾತ್ರಿ ಕಳೆದ ಹಾಗೆ ಈ ಹಂತ ಉದ್ದವಾಗುತ್ತಾ ಹೋಗುತ್ತದೆ, ನಸುಕಿನಲ್ಲಿ ಜಾಸ್ತಿ. ಹಾಗಾಗಿ ಆ ಹೊತ್ತಿನ ಕನಸು ದೊಡ್ಡದು, ಎಚ್ಚರಾದ ಮೇಲೂ ನೆನಪಿರುವಂಥದ್ದು. ಆಗ ಕಣ್ಣು ಮತ್ತು ಉಸಿರಾಟದ ಸ್ನಾಯು ಬಿಟ್ಟರೆ ಮೈಯ ಸ್ನಾಯುಗಳೆಲ್ಲ ಸಡಿಲವಾಗಿರುತ್ತವೆ. ಕೂಗಲು ಆಗದ, ಓಡಲು ಕಾಲು ಬಾರದ ಅನುಭವಕ್ಕೆ ಅದೂ ಕಾರಣ ಇರಬಹುದು ಅನ್ನುತ್ತಾರೆ. ನಿಮ್ಮ ಧ್ವನಿ ಕಟ್ಟಿದ್ದು ಯಾರೋ ಮಾಡಿಸಿದ್ದರಿಂದ ಅಲ್ಲ.

ಹಾಗಾದರೆ ಅರ್ಥವೇ ಇಲ್ಲವಾ? ಇದೆ. ಅದನ್ನು ನೀರಿನಲ್ಲಿ ಹುಡುಕಬೇಡಿ. ಆ ಕನಸಲ್ಲಿ ನಿಮಗೆ ಏನು ಅನ್ನಿಸುತ್ತದೆ, ಆ ಕನಸು ಯಾವಾಗಿನಿಂದ ಶುರುವಾಯಿತು, ಈ ಎರಡನ್ನು ನೋಡಿ.

ನನ್ನದೇ ಹೇಳುತ್ತೇನೆ. ಅಪ್ಪ ಐಸಿಯುನಲ್ಲಿದ್ದು ತೀರಿಕೊಂಡ ಮೇಲೆ ನನಗೂ ಒಂದೇ ಕನಸು ಬೀಳುತ್ತಿತ್ತು. ಆಸ್ಪತ್ರೆಯ ಲಿಫ್ಟ್. ಕೈಯಲ್ಲಿ ಮೆಡಿಕಲ್ ಶಾಪಿನ ಕವರ್, ಅದಕ್ಕೆ ಪಿನ್ ಹೊಡೆದ ಬಿಲ್. ಮೂರನೇ ಮಹಡಿಯ ಬಟನ್ ಒತ್ತುತ್ತೇನೆ, ದೀಪ ಹತ್ತುತ್ತದೆ, ಲಿಫ್ಟ್ ಮೂರು ದಾಟಿ ಮೇಲೆ ಹೋಗುತ್ತದೆ. ಮತ್ತೆ ಕೆಳಗೆ. ಬಾಗಿಲು ತೆರೆಯುವುದೇ ಇಲ್ಲ. ಅಲ್ಲಿ ಇದ್ದ ಭಯ ಲಿಫ್ಟಿನದ್ದಲ್ಲ. 'ತಡ ಆಯ್ತು, ನನ್ನಿಂದ ತಡ ಆಯ್ತು' ಅನ್ನುವ ಸಂಕಟ. ಡೈರಿಯಲ್ಲಿ ಬರೆದಿಡಲು ಶುರು ಮಾಡಿದ ಮೇಲೆ ಗೊತ್ತಾಯಿತು, ಯಾರಾದರೂ ನನ್ನನ್ನೇ ನಂಬಿ ಕಾಯುತ್ತಿರುವ ದಿನಗಳಲ್ಲಿ ಇದು ತಪ್ಪದೆ ಬರುತ್ತಿತ್ತು. ಕಚೇರಿಯಲ್ಲಿ ಕೆಲಸ ಬಾಕಿ ಬಿದ್ದಾಗ, ಅಮ್ಮನಿಗೆ ಜ್ವರ ಬಂದಾಗ. ಕನಸು ನನ್ನ ಮುಂದಿನ ದಿನದ ಬಗ್ಗೆ ಏನೂ ಹೇಳುತ್ತಿರಲಿಲ್ಲ. ಹಗಲು ನಾನು ಬಾಯಿಬಿಟ್ಟು ಯಾರಿಗೂ ಹೇಳದ ಮಾತನ್ನೇ ಹೇಳುತ್ತಿತ್ತು.

ನಿಮ್ಮ ಕನಸಲ್ಲಿ ನನಗೆ ದೊಡ್ಡದಾಗಿ ಕಾಣುವುದು ನೀರಿಗಿಂತ ಆ ಹೊರಡದ ಕೂಗು. ಸಹಾಯ ಕೇಳಬೇಕು, ಕೇಳಲು ಆಗುತ್ತಿಲ್ಲ ಅನ್ನುವಂಥದ್ದು ಈಚೆಗೆ ಏನಾದರೂ ನಡೆದಿದೆಯಾ? ಇದು ಸರಿಯೋ ತಪ್ಪೋ ನಿಮಗೆ ಮಾತ್ರ ಗೊತ್ತು. ಸರಿಯಾದ ಉತ್ತರ ಸಿಕ್ಕಾಗ ಮನಸ್ಸು ಹೌದು ಅನ್ನುತ್ತದೆ.

ಅರ್ಥ ಸಿಕ್ಕಿದರೂ ಕನಸು ನಿಲ್ಲದೆ ಇರಬಹುದು. ನನಗೆ ಹಾಗೇ ಆಯಿತು. ಆಗ ಒಬ್ಬ ಮನಶ್ಶಾಸ್ತ್ರಜ್ಞರು ಒಂದು ದಾರಿ ಹೇಳಿಕೊಟ್ಟರು. ಹಗಲು ಹೊತ್ತು ಕನಸನ್ನು ಕಾಗದದ ಮೇಲೆ ಬರೆಯುವುದು. ಆಮೇಲೆ ಅದನ್ನು ನಮಗೆ ಬೇಕಾದ ಹಾಗೆ ಬದಲಿಸಿ ಬರೆಯುವುದು. ದಿನಾ ಹತ್ತು ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಆ ಹೊಸ ಕಥೆಯನ್ನು ಮಾತ್ರ ನೋಡುವುದು, ಹಳೆಯದನ್ನಲ್ಲ. ನಾನು ಬರೆದದ್ದು ಹೀಗೆ: ಲಿಫ್ಟ್ ಮೂರರಲ್ಲಿ ನಿಲ್ಲುತ್ತದೆ. ಬಾಗಿಲ ಪಕ್ಕ ಸ್ಟೂಲಿನ ಮೇಲೆ ಅಪ್ಪ, ಮನೆಯಲ್ಲಿ ಉಡುವ ಪಂಚೆಯಲ್ಲಿ. ಕವರ್ ಇಸ್ಕೊಂಡು ಒಳಗೆ ನೋಡಿ, 'ಇಷ್ಟೊಂದು ಮಾತ್ರೆ ಯಾಕೋ?' ಅನ್ನುತ್ತಾರೆ. ನಿಜದಲ್ಲಿ ಹೀಗಾಗಲಿಲ್ಲ, ಆಗಬೇಕಿಲ್ಲ. ಬರೆಯುವಾಗ ಅತ್ತೆ. ಕೆಲವು ವಾರದಲ್ಲಿ ಕನಸು ಬರುವುದೇ ಕಡಿಮೆಯಾಯಿತು. ನಾನು ಬರೆದ ಹಾಗೆ ಅದು ಬದಲಾಗಿ ಬೀಳಲಿಲ್ಲ, ಆದರೆ ಬಂದರೂ ಎದೆ ಹೊಡೆದುಕೊಳ್ಳುತ್ತಿರಲಿಲ್ಲ.

ಇದು ಯಾರೋ ಒಬ್ಬರ ಮನೆಮದ್ದು ಅಲ್ಲ. ಬ್ಯಾರಿ ಕ್ರಾಕೋ ಎಂಬ ವೈದ್ಯರ ತಂಡ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದ 168 ಮಹಿಳೆಯರ ಜೊತೆ ಇದನ್ನು ಪರೀಕ್ಷಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿತು. ಚಿಕಿತ್ಸೆ ಪಡೆದವರಲ್ಲಿ ಕೆಟ್ಟ ಕನಸು ಇಳಿಯಿತು, ನಿದ್ದೆ ಸುಧಾರಿಸಿತು. ಒಂದು ಎಚ್ಚರಿಕೆ. ನಿಮ್ಮ ಕನಸು ನಿಜವಾಗಿ ನಡೆದ ಪ್ರವಾಹದ್ದೋ ಅಪಘಾತದ್ದೋ ಆಗಿದ್ದರೆ ಒಬ್ಬರೇ ಕೂತು ಅದನ್ನು ಕೆದಕಬೇಡಿ. ಮೊದಲು ಚಿಕ್ಕಪುಟ್ಟ ಕನಸಿನಲ್ಲಿ ಅಭ್ಯಾಸ ಮಾಡಿ, ದೊಡ್ಡದನ್ನು ತಿಳಿದವರ ಜೊತೆ ಕೂತು ಮಾಡಿ.

ತಾಯತ ಕಟ್ಟಿಸುವುದಾದರೆ ಕಟ್ಟಿಸಿ, ಬೇಡ ಅನ್ನಲ್ಲ. ನಮ್ಮ ಅಜ್ಜಿ ಮಲಗುವ ಮುಂಚೆ 'ರಾಮಂ ಸ್ಕಂದಂ ಹನೂಮಂತಂ' ಹೇಳಿಸುತ್ತಿದ್ದರು, ಈಗಲೂ ಹೇಳುತ್ತೇನೆ, ಮನಸ್ಸು ತಣ್ಣಗಾಗುತ್ತದೆ. ಆದರೆ ತಾಯತ ಕಟ್ಟಿದ ಮೇಲೂ ಕನಸು ಬಂದರೆ ದೋಷ ದೊಡ್ಡದು ಅಂತ ಸಾವಿರಾರು ರೂಪಾಯಿಯ ಪೂಜೆಗೆ ಎಳೆಯುವವರ ಬಳಿ ಮಾತ್ರ ದಯವಿಟ್ಟು ಹೋಗಬೇಡಿ. ಹೆದರಿದವರ ದುಡ್ಡು ಕೀಳುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಕನಸು ಶುರುವಾದ ಹೊತ್ತಿಗೇ ಹೊಸ ಮಾತ್ರೆ ಏನಾದರೂ ಶುರುವಾಗಿತ್ತಾ, ನೆನಪು ಮಾಡಿಕೊಳ್ಳಿ. ಬಿಪಿಗೆ ಕೊಡುವ ಮೆಟೊಪ್ರೊಲೊಲ್, ಪ್ರೊಪ್ರನೊಲೊಲ್, ಅಲರ್ಜಿ ಮತ್ತು ಉಬ್ಬಸಕ್ಕೆ ಕೊಡುವ ಮಾಂಟೆಲುಕಾಸ್ಟ್, ಖಿನ್ನತೆಯ ಕೆಲವು ಔಷಧಿ, ಇವು ಕೆಲವರಿಗೆ ಕೆಟ್ಟ ಕನಸು ತರುತ್ತವೆ. ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಹೇಳಿ. ದಿನಾ ಕುಡಿಯುತ್ತಿದ್ದವರು ಕುಡಿತ ಬಿಟ್ಟ ಹೊಸದರಲ್ಲೂ ಇದು ಜಾಸ್ತಿಯಾಗುತ್ತದೆ. ಗೊರಕೆ ಜೋರಿದ್ದು ನಡುವೆ ಉಸಿರು ಕಟ್ಟಿದಂತಾಗಿ ಏಳುತ್ತಿದ್ದರೆ ನಿದ್ದೆಯ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಐವತ್ತು ದಾಟಿದವರು ಯಾರಾದರೂ ಕನಸಿಗೆ ತಕ್ಕ ಹಾಗೆ ಕೈಕಾಲು ಬೀಸಿ ಹೊಡೆಯುತ್ತಿದ್ದರೆ, ಮಂಚದಿಂದ ಬೀಳುತ್ತಿದ್ದರೆ, ಅದು ಬೇರೆ ತೊಂದರೆ, ನರರೋಗ ತಜ್ಞರಿಗೆ ತೋರಿಸಲೇಬೇಕು.

ಕನಸಿನ ಭಯಕ್ಕೆ ಮಲಗುವುದನ್ನೇ ಮುಂದೂಡುತ್ತಿದ್ದರೆ, ಅಥವಾ ಬದುಕು ಸಾಕು ಅನ್ನುವ ಯೋಚನೆ ಒಂದು ಸಲ ಬಂದಿದ್ದರೂ ಕಾಯಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, ನಂಬರ್ 14416. ರಾತ್ರಿ ಎಷ್ಟೇ ಹೊತ್ತಾಗಿದ್ದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.