ಇಂಡೋನೇಷ್ಯನ್, ಸ್ವೀಡಿಷ್: ಕಲಿಯೋಕೆ ಯಾವುದು ಸುಲಭ?

ಶುರು ಮಾಡೋಕೆ ಇಂಡೋನೇಷ್ಯನ್ ಸುಲಭ. ಕಾಲಕ್ಕೆ ತಕ್ಕಂತೆ ಕ್ರಿಯಾಪದ ಬದಲಾಗುವುದೇ ಇಲ್ಲ. 'ಮಕಾನ್' ಅಂದರೆ ತಿನ್ನು. ಅದರ ಮುಂದೆ 'ಸುದಾಹ್' ಬಂದರೆ ತಿಂದಾಯಿತು, 'ಆಕಾನ್' ಬಂದರೆ ಇನ್ನು ಮುಂದೆ ತಿನ್ನುವುದು, ಅಷ್ಟೇ. ಲಿಂಗದ ಗೊಡವೆಯೂ ಇಲ್ಲ. 'ಗುರು', 'ರಾಜಾ' ತರಹದ ಸಂಸ್ಕೃತ ಮೂಲದ ಪದಗಳು ನಮಗೆ ಮೊದಲೇ ಗೊತ್ತು.

ಸ್ವೀಡಿಷ್‌ನಲ್ಲಿ ಪ್ರತಿ ನಾಮಪದವೂ 'ಎನ್' ಗುಂಪೋ 'ಎತ್' ಗುಂಪೋ ಅಂತ ಬಾಯಿಪಾಠ ಮಾಡಬೇಕು. ಪುಸ್ತಕ 'ಬೂಕ್', ಆ ಪುಸ್ತಕ 'ಬೂಕೆನ್'. ಮನೆ 'ಹೂಸ್', ಆ ಮನೆ 'ಹೂಸೆತ್'. ದನಿಯ ಏರಿಳಿತ ತಪ್ಪಿದರೆ 'ಆಂದೆನ್' ಅನ್ನೋ ಬಾತುಕೋಳಿ ಆತ್ಮವಾಗಿಬಿಡುತ್ತದೆ! ಆದರೆ ಇಂಗ್ಲಿಷ್ ಬಲ್ಲವರಿಗೆ ಪದಗಳು ಬೇಗ ಹಿಡಿತಕ್ಕೆ ಸಿಗುತ್ತವೆ, ಎರಡೂ ಜರ್ಮಾನಿಕ್ ಕುಟುಂಬದವಲ್ವಾ.

ಇಂಡೋನೇಷ್ಯನ್ ಕಾಡುವುದು ಆಮೇಲೆ: 'ಮೆ', 'ಬೆರ್', 'ಕಾನ್' ಪ್ರತ್ಯಯಗಳು, ಜೊತೆಗೆ ಪುಸ್ತಕದ ಭಾಷೆಗೂ ಜಕಾರ್ತಾದ ಬೀದಿಮಾತಿಗೂ ಇರುವ ಅಂತರ.