ಫಾದರ್ ಪತ್ರದಿಂದ ವೀಸಾ ಸಿಗುವುದಿಲ್ಲ

ವಲಸಿಗರು ಮತ್ತು ನಿರಾಶ್ರಿತರ ಬಗ್ಗೆ ಬಂದ ಪ್ರಶ್ನೆಗಳಿಗೆ ಕಾರವಾರದ ವಕೀಲೆಯೊಬ್ಬರು ಉತ್ತರಿಸಿದ್ದಾರೆ. ಅವರು ಕರಾವಳಿಯ ಕ್ಯಾಥೋಲಿಕ್ ಧರ್ಮಕೇಂದ್ರಗಳ (ಊರಿನ ಚರ್ಚ್ ಸಮುದಾಯಗಳ) ಜೊತೆ ವಲಸೆ ಕಾರ್ಮಿಕರ ಪರವಾಗಿ ಕೆಲಸ ಮಾಡುತ್ತಾರೆ.

ಪ್ರಶ್ನೆ: ಮೇಡಂ, ನನ್ನ ತಮ್ಮ ಐಟಿಐ ಮುಗಿಸಿ ಮನೆಯಲ್ಲೇ ಇದ್ದಾನೆ. ಕ್ಯಾಥೋಲಿಕರಿಗೆ ಚರ್ಚ್ ಮೂಲಕ ಕೆನಡಾಕ್ಕೆ ನಿರಾಶ್ರಿತರಾಗಿ ಹೋಗುವ ಕೋಟಾ ಇದೆಯಂತೆ. ಏಜೆಂಟ್ ನಾಲ್ಕು ಲಕ್ಷ ಕೇಳಿದ್ದಾನೆ, ಒಂದು ಲಕ್ಷ ಕೊಟ್ಟಾಗಿದೆ. ಜ್ಞಾನಸ್ನಾನದ (ಬ್ಯಾಪ್ಟಿಸಂ) ಸರ್ಟಿಫಿಕೇಟ್ ಬೇಕಂತೆ. ‘ಈ ಹುಡುಗನಿಗೆ ಊರಲ್ಲಿ ಅಪಾಯ ಇದೆ’ ಅಂತ ಫಾದರ್ ಪತ್ರವೂ ಬೇಕಂತೆ. ಫಾದರ್ ಒಪ್ಪುತ್ತಿಲ್ಲ. ನೀವು ಅವರಿಗೆ ಒಂದು ಮಾತು ಹೇಳುತ್ತೀರಾ? (ಹೊನ್ನಾವರದ ಓದುಗರು)

ಉತ್ತರ: ಹೇಳುವುದಿಲ್ಲ. ನಿಮ್ಮ ಫಾದರ್ ಮಾಡಿದ್ದೇ ಸರಿ.

ಇದೇ ಪ್ರಶ್ನೆ ಕುಮಟಾದಿಂದ ಬರುತ್ತದೆ, ಅಂಕೋಲಾದಿಂದ ಬರುತ್ತದೆ, ಘಟ್ಟ ಹತ್ತಿ ಹಳಿಯಾಳದಿಂದಲೂ ಬರುತ್ತದೆ. ದೇಶದ ಹೆಸರು ಮಾತ್ರ ಬೇರೆ. ಒಮ್ಮೆ ಇಟಲಿ, ಒಮ್ಮೆ ಪೋರ್ಚುಗಲ್, ಈಗ ಕೆನಡಾ. ಅದಕ್ಕೇ ಈ ಸಲ ಪೂರ್ತಿ ಬರೆಯುತ್ತೇನೆ. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಏಜೆಂಟ್ ಹೇಳಿದ್ದು ಪೂರ್ತಿ ಸುಳ್ಳಾಗಿದ್ದರೆ ಯಾರೂ ನಂಬುತ್ತಿರಲಿಲ್ಲ. ಅದರಲ್ಲಿ ಸ್ವಲ್ಪ ನಿಜ ಇದೆ, ತೊಂದರೆ ಇರುವುದೇ ಅಲ್ಲಿ. ಕೆನಡಾದಲ್ಲಿ ನಿರಾಶ್ರಿತರನ್ನು ಜನರೇ ಖರ್ಚು ಹೊತ್ತು ಕರೆಸಿಕೊಳ್ಳುವ ವ್ಯವಸ್ಥೆ ಇದೆ. 1979ರ ಹೊತ್ತಿಗೆ ವಿಯೆಟ್ನಾಂ, ಕಾಂಬೋಡಿಯಾ, ಲಾವೋಸ್ ಬಿಟ್ಟು ಓಡಿಬಂದ ಸಾವಿರಾರು ಜನರನ್ನು ಅಲ್ಲಿನ ಚರ್ಚುಗಳು, ಊರಿನ ಗುಂಪುಗಳು ಹೀಗೆ ಕರೆಸಿಕೊಂಡವು. ಇವತ್ತಿಗೂ ಅಲ್ಲಿನ ಹಲವು ಧರ್ಮಪ್ರಾಂತ್ಯಗಳು (ಬಿಷಪ್ ಆಡಳಿತದ ಪ್ರದೇಶಗಳು) ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು ಈ ಕೆಲಸ ಮಾಡುತ್ತವೆ. ಟೊರೊಂಟೊ ಮಹಾಧರ್ಮಪ್ರಾಂತ್ಯದಲ್ಲಿ ಇದಕ್ಕೇ ಒಂದು ಕಚೇರಿ ಇದೆ. ಬಂದ ಕುಟುಂಬದ ಬಾಡಿಗೆ, ಊಟ, ಬಟ್ಟೆ ಸಾಮಾನ್ಯವಾಗಿ 12 ತಿಂಗಳು ಕರೆಸಿಕೊಂಡವರ ಜವಾಬ್ದಾರಿ. ಅಂದರೆ ಕೈಯಿಂದ ದುಡ್ಡು ಹಾಕುವವರು ಅವರು. ನಾಲ್ಕು ಲಕ್ಷ ಕೊಡಿ ಅಂತ ಹೋಗುವವನನ್ನು ಕೇಳುವ ಜಾಗವೇ ಅಲ್ಲಿಲ್ಲ.

ಉಳಿದದ್ದೆಲ್ಲ ಸುಳ್ಳು. ಈ ದಾರಿಯಲ್ಲಿ ಹೋಗುವವರು ಮೊದಲೇ ತಮ್ಮ ದೇಶದ ಹೊರಗೆ ಇರಬೇಕು. ಮ್ಯಾನ್ಮಾರ್ ಬಿಟ್ಟು ಮಲೇಷ್ಯಾ ಸೇರಿದವರು, ಸಿರಿಯಾ ಬಿಟ್ಟು ಲೆಬನಾನ್‌ನಲ್ಲಿ ಇರುವವರು, ಇಂಥವರು. ಹೊನ್ನಾವರದ ಮನೆಯಲ್ಲಿ ಅಮ್ಮ ಮಾಡಿದ ಬಂಗಡೆ ಸಾರು ಉಣ್ಣುತ್ತಿರುವ ಹುಡುಗನಿಗೆ ಆ ಅರ್ಜಿ ಹಾಕಲು ಬರುವುದೇ ಇಲ್ಲ. ಧರ್ಮದ ಕೋಟಾ ಅನ್ನುವುದೂ ಇಲ್ಲ. ಕೆನಡಾದ ಕ್ಯಾಥೋಲಿಕ್ ಗುಂಪುಗಳು ಕರೆಸಿಕೊಂಡವರಲ್ಲಿ ಸಿರಿಯಾದ ಮುಸ್ಲಿಮರೂ ಇದ್ದಾರೆ.

ಇನ್ನು ಆ ಪತ್ರ. 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದದ ಪ್ರಕಾರ ನಿರಾಶ್ರಿತ ಅನ್ನಿಸಿಕೊಳ್ಳಲು ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ಸಾಮಾಜಿಕ ಗುಂಪಿಗೆ ಸೇರಿರುವುದು, ರಾಜಕೀಯ ಅಭಿಪ್ರಾಯ, ಈ ಐದರಲ್ಲಿ ಒಂದರಿಂದ ಹಿಂಸೆ ಆಗುತ್ತದೆಂಬ ಭಯ ಇರಬೇಕು. ಆ ಭಯಕ್ಕೆ ಗಟ್ಟಿ ಆಧಾರ ಇರಬೇಕು. ಸ್ವಂತ ದೇಶ ಕಾಪಾಡದೆ ಹೊರಗೆ ಬಂದಿರಬೇಕು. ಕೆಲಸ ಇಲ್ಲ, ಮೀನು ಕಡಿಮೆ, ಸಾಲ ಜಾಸ್ತಿ, ಇವು ಯಾವುವೂ ಆ ಪಟ್ಟಿಯಲ್ಲಿಲ್ಲ. ಏಜೆಂಟರು ಇಲ್ಲೊಂದು ಜಾಣತನ ಮಾಡುತ್ತಾರೆ. ‘ಪೋಪ್ ಅವರೇ ಬಡತನದಿಂದ ಊರು ಬಿಟ್ಟವರನ್ನೂ ನಿರಾಶ್ರಿತರು ಅಂದಿದ್ದಾರೆ’ ಅನ್ನುತ್ತಾರೆ. 1992ರಲ್ಲಿ ವ್ಯಾಟಿಕನ್ ಹೊರಡಿಸಿದ ದಾಖಲೆಯೊಂದು ಯುದ್ಧ, ನೈಸರ್ಗಿಕ ವಿಕೋಪ, ತಪ್ಪು ಆರ್ಥಿಕ ನೀತಿಗಳಿಂದ ನೆಲೆ ಕಳೆದುಕೊಂಡವರನ್ನೂ ಸೇರಿಸಿ ಮಾತಾಡಿದ್ದು ನಿಜ. ಅದು ಯಾರ ಜೊತೆ ನಿಲ್ಲಬೇಕು ಅಂತ ಕ್ಯಾಥೋಲಿಕ್ ಧರ್ಮಸಭೆ ತನಗೆ ತಾನೇ ಹೇಳಿಕೊಂಡ ಮಾತು. ಕೆನಡಾದ ವೀಸಾ ಅಧಿಕಾರಿ ಅದನ್ನು ಓದಿ ಠಸ್ಸೆ ಹೊಡೆಯುವುದಿಲ್ಲ.

ಜ್ಞಾನಸ್ನಾನದ ಸರ್ಟಿಫಿಕೇಟ್ ಹೇಳುವುದು ಇಂಥ ಮಗುವಿಗೆ ಇಂಥ ದಿನ, ಇಂಥ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಜ್ಞಾನಸ್ನಾನ ಆಯಿತು ಅಂತ, ಅಷ್ಟೇ. ‘ಅಪಾಯ ಇದೆ’ ಅಂತ ಬರೆದರೆ ಅಪಾಯ ಯಾರಿಂದ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಏನು ಹೇಳುತ್ತೀರಿ? ಏಜೆಂಟ್ ಕಥೆ ಕಲಿಸಿಕೊಡುತ್ತಾನೆ. ಇಗರ್ಜಿಗೆ ಕಲ್ಲು ಹೊಡೆದರು, ಮನೆಗೆ ನುಗ್ಗಿದರು, ಹೆಸರು ಇಂಥವರದು. ನಾನು ಓದಿರುವ ಇಂಥ ಕಥೆಗಳಲ್ಲಿ ಪಕ್ಕದ ಮನೆಯವರ ಹೆಸರೇ ಇತ್ತು. ಮಳೆಗಾಲದಲ್ಲಿ ಮಾಡಿನ ಹಂಚು ಹಾರಿದಾಗ ಏಣಿ ತಂದುಕೊಟ್ಟವರ ಹೆಸರು! ಇದಕ್ಕಿಂತ ಕೆಟ್ಟ ಕೆಲಸ ನನಗೆ ಗೊತ್ತಿಲ್ಲ. ನಿಜವಾಗಿ ಹಲ್ಲೆ ಆದವರು ನಾಳೆ ಹೋಗಿ ಹೇಳಿಕೊಂಡಾಗ ಅವರನ್ನೂ ಅನುಮಾನದಿಂದ ನೋಡುವ ಹಾಗೆ ಮಾಡುವುದು ಇಂಥ ಕಥೆಗಳೇ. ಸುಳ್ಳು ಸಿಕ್ಕಿಬಿದ್ದರೆ ನಿಮ್ಮ ತಮ್ಮನಿಗೆ ಐದು ವರ್ಷ ಕೆನಡಾದ ಬಾಗಿಲು ಮುಚ್ಚುತ್ತದೆ. ನಾಳೆ ಒಳ್ಳೆಯ ಕೆಲಸ ಸಿಕ್ಕಿದರೂ ಹೋಗಲು ಆಗುವುದಿಲ್ಲ.

ಕನಿಕರಪಟ್ಟು ಲೆಟರ್‌ಹೆಡ್‌ನಲ್ಲಿ ಬರೆದುಕೊಡುವ ಫಾದರ್‌ಗಳಿಗೂ ಇಲ್ಲೇ ಹೇಳಿಬಿಡುತ್ತೇನೆ. ಗೊತ್ತಿರುವುದನ್ನು ಬರೆಯಿರಿ. ಯಾರಿಗೆ, ಯಾವ ಕೆಲಸಕ್ಕೆ ಅಂತ ಮೇಲೆ ನಮೂದಿಸಿ. ‘ಸಂಬಂಧಪಟ್ಟವರಿಗೆ’ ಅಂತ ಬರೆದ ಪತ್ರ ಯಾರ ಕೈಗೆ ಹೋಗುತ್ತದೆ ಅಂತ ನಿಮಗೂ ಗೊತ್ತಿರುವುದಿಲ್ಲ.

ಈಗ ಆ ಒಂದು ಲಕ್ಷದ ವಿಷಯ. ಏಜೆಂಟನ ಜೊತೆ ಫೋನಿನಲ್ಲಿ ಜಗಳ ಬೇಡ. ದುಡ್ಡು ಕಳಿಸಿದ ದಾಖಲೆ, ವಾಟ್ಸ್‌ಆ್ಯಪ್ ಮಾತು, ವಾಯ್ಸ್ ಮೆಸೇಜ್ ಎಲ್ಲವನ್ನೂ ಮೊದಲು ಬೇರೆ ಕಡೆ ಉಳಿಸಿಕೊಳ್ಳಿ. ಪಾಸ್‌ಪೋರ್ಟ್ ಅವನ ಹತ್ತಿರ ಇದ್ದರೆ ಬರಹದಲ್ಲಿ ವಾಪಸ್ ಕೇಳಿ. ಪಾಸ್‌ಪೋರ್ಟ್ ಸರ್ಕಾರದ ಸ್ವತ್ತು, ಅದನ್ನು ಅಡವಿನ ಚಿನ್ನದ ಹಾಗೆ ಇಟ್ಟುಕೊಳ್ಳಲು ಅವನಿಗೆ ಹಕ್ಕಿಲ್ಲ. ಆಮೇಲೆ ಪೊಲೀಸ್ ಠಾಣೆಗೆ ಹೋಗಿ ಲಿಖಿತ ದೂರು ಕೊಡಿ. ಸ್ವೀಕೃತಿ ತೆಗೆದುಕೊಳ್ಳದೆ ಏಳಬೇಡಿ. ದುಡ್ಡು ಆನ್‌ಲೈನ್‌ನಲ್ಲಿ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ. ‘ಇನ್ನು ಐವತ್ತು ಸಾವಿರ ಕೊಟ್ಟರೆ ಹಳೆಯದು ವಾಪಸ್’ ಅಂದರೆ ಕೊಡಬೇಡಿ. ಇದನ್ನು ಹೇಳಬೇಕಾಗಿ ಬರುವುದೇ ಬೇಸರ, ಆದರೂ ಕೊಡುತ್ತಾರೆ.

ತಮ್ಮನಿಗೆ ಹೊರದೇಶದ ಕೆಲಸವೇ ಬೇಕಾ? ತಪ್ಪೇನಿಲ್ಲ. ನಮ್ಮ ಕರಾವಳಿಯಲ್ಲಿ ಗಲ್ಫ್ ದುಡ್ಡಿನಲ್ಲಿ ಕಟ್ಟಿದ ಮನೆಗಳೇನು ಕಡಿಮೆಯಾ? ಕೆಲಸಕ್ಕೆ ಹೋಗುವವನು ಕೆಲಸಗಾರನಾಗಿಯೇ ಹೋಗಲಿ. ಹೊರದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟ್ 1983ರ ಎಮಿಗ್ರೇಷನ್ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಅವನ ಹೆಸರು ಹುಡುಕಿ. ಇಲ್ಲದಿದ್ದರೆ ಎದ್ದು ಬನ್ನಿ. ಅವನು ಕೆಲಸಗಾರನಿಂದ ತೆಗೆದುಕೊಳ್ಳಬಹುದಾದ ಶುಲ್ಕಕ್ಕೂ ಮಿತಿ ಇದೆ: 30,000 ರೂಪಾಯಿ, ಮೇಲೆ ಜಿಎಸ್‌ಟಿ. ‘ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸಿಕೊಳ್ಳೋಣ’ ಅಂದವನ ಮುಖವನ್ನೂ ನೋಡಬೇಡಿ. ಹಾಗೆ ಹೋಗಿ ಸಿಕ್ಕಿಕೊಂಡವರ ತಾಯಂದಿರು ಅಳುತ್ತ ಬರುವುದು ನಮ್ಮ ಹತ್ತಿರವೇ. ಈಗಾಗಲೇ ಹೊರಗೆ ಸಿಕ್ಕಿಕೊಂಡಿರುವವರು ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು.

ಪ್ರಶ್ನೆ: ಜಾರ್ಖಂಡ್, ಒಡಿಶಾದಿಂದ ಬಂದ ಕಾರ್ಮಿಕರಿಗೆ ಚರ್ಚ್ ಸಹಾಯ ಮಾಡುವುದು ಮತಾಂತರಕ್ಕೇ ಅಲ್ವಾ? (ಶಿರಸಿ)

ಉತ್ತರ: ಅಲ್ಲ. ಕೂಲಿ ಬಾಕಿಯ ಅರ್ಜಿಯಲ್ಲಿ ಧರ್ಮ ಕೇಳುವ ಕಾಲಂ ಇಲ್ಲ, ನಾನೂ ಕೇಳುವುದಿಲ್ಲ.

ಪ್ರಶ್ನೆ: ಅಜ್ಜ ಗೋವಾದವರು. ಪೋರ್ಚುಗೀಸ್ ಪಾಸ್‌ಪೋರ್ಟ್ ಸಿಗುತ್ತದಾ? (ಸದಾಶಿವಗಡ)

ಉತ್ತರ: ಅಜ್ಜ 1961ರ ಡಿಸೆಂಬರ್ 19ಕ್ಕೆ ಮುಂಚೆ ಗೋವಾದಲ್ಲೇ ಹುಟ್ಟಿ, ಅಲ್ಲೇ ಜನನ ನೋಂದಣಿ ಆಗಿದ್ದರೆ ಗೋವಾದ ವಕೀಲರನ್ನು ಕೇಳಿ. ಗೋವಾ ಗಡಿಯ ಈಚೆ ಹುಟ್ಟಿದವರಿಗೆ ಆಚೆಯ ಜನನ ದಾಖಲೆ ಮಾಡಿಸಿಕೊಡುತ್ತೇನೆ ಅನ್ನುವವನು ನಿಮ್ಮನ್ನು ಜೈಲಿಗೆ ಕಳಿಸುತ್ತಾನೆ.

ಪ್ರಶ್ನೆ: ಭಾರತದಲ್ಲಿ ನಿರಾಶ್ರಿತರ ಕಾನೂನೇ ಇಲ್ಲ ಅಂತಾರೆ. ಹಾಗಾದರೆ ಮುಂಡಗೋಡದ ಟಿಬೆಟನ್ನರು ಹೇಗೆ ಇದ್ದಾರೆ? (ಯಲ್ಲಾಪುರ)

ಉತ್ತರ: ಕೇಂದ್ರ ಸರ್ಕಾರದ ತೀರ್ಮಾನದಿಂದ. 1951ರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಯಾರನ್ನು ಹೇಗೆ ಇಟ್ಟುಕೊಳ್ಳಬೇಕು ಅಂತ ಸರ್ಕಾರ ಆಯಾ ಗುಂಪಿಗೆ ಬೇರೆ ಬೇರೆಯಾಗಿ ಹೇಳುತ್ತದೆ. ಟಿಬೆಟನ್ನರಿಗೆ 1966ರಲ್ಲಿ ಮುಂಡಗೋಡದಲ್ಲಿ ಜಾಗ ಸಿಕ್ಕಿತು. ಶ್ರೀಲಂಕಾ ತಮಿಳರಿಗೆ ತಮಿಳುನಾಡಿನಲ್ಲಿ ಶಿಬಿರಗಳಾದವು. 1980ರಲ್ಲಿ ಯೇಸುಸಭೆ ಎಂಬ ಕ್ಯಾಥೋಲಿಕ್ ಗುರುಗಳ ಸಂಘದ ಮುಖ್ಯಸ್ಥರಾಗಿದ್ದ ಪೆದ್ರೊ ಅರುಪೆ ಶುರು ಮಾಡಿದ ಜೆಸ್ಯೂಟ್ ರೆಫ್ಯೂಜಿ ಸರ್ವಿಸ್ (ನಿರಾಶ್ರಿತರ ಸೇವಾ ಸಂಸ್ಥೆ) ಆ ಶಿಬಿರಗಳ ಮಕ್ಕಳ ಓದಿಗೆ ನೆರವಾಗಿದೆ. ಕಾನೂನು ಇಲ್ಲ ಅಂದರೆ ರಕ್ಷಣೆಯೇ ಇಲ್ಲ ಅಂತಲ್ಲ. ಸಂವಿಧಾನದ 21ನೇ ವಿಧಿ ನಾಗರಿಕರಿಗಷ್ಟೇ ಸೀಮಿತವಲ್ಲ, ಎಲ್ಲ ವ್ಯಕ್ತಿಗಳಿಗೂ ಇದೆ. 1996ರಲ್ಲಿ ಅರುಣಾಚಲದ ಚಕ್ಮಾ ಜನರ ವಿಷಯದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು.

ಪ್ರಶ್ನೆ: ಸೀಬರ್ಡ್ ನೌಕಾನೆಲೆಗೆ ಜಮೀನು ಕೊಟ್ಟವರು ನಾವು. ನಿರಾಶ್ರಿತರೆಂದು ವಿಶ್ವಸಂಸ್ಥೆಗೆ ಅರ್ಜಿ ಹಾಕಬಹುದಾ? (ಅಂಕೋಲಾ)

ಉತ್ತರ: ಅಂಚೆ ಖರ್ಚು ಉಳಿಸಿ. ದೇಶದ ಗಡಿ ದಾಟದವರಿಗೆ ಆ ಒಪ್ಪಂದ ಬರುವುದಿಲ್ಲ. ನಿಮ್ಮ ದಾರಿ ಭೂಸ್ವಾಧೀನ ಮತ್ತು ಪುನರ್ವಸತಿ. ಕಾಗದ ಹಿಡಿದು ಬನ್ನಿ.

ಪ್ರಶ್ನೆ: ಅಕ್ಕೋರೆ, ನಮ್ಮ ಧರ್ಮಕೇಂದ್ರದಲ್ಲಿ ಈ ವರ್ಷ ವಲಸಿಗರ ದಿನ ಚಂದ ಮಾಡಬೇಕು ಅಂತಿದ್ದೇವೆ. ಏನು ಮಾಡಬಹುದು? (ಕುಮಟಾ)

ಉತ್ತರ: ಕ್ಯಾಥೋಲಿಕ್ ಧರ್ಮಸಭೆಯಲ್ಲಿ 1914ರಲ್ಲಿ ಶುರುವಾದ ದಿನ ಇದು. 2019ರಿಂದ ಸಾಮಾನ್ಯವಾಗಿ ಸೆಪ್ಟೆಂಬರ್‌ನ ಕೊನೆಯ ಭಾನುವಾರ ನಡೆಯುತ್ತದೆ. ಬ್ಯಾನರ್, ಭಾಷಣ, ಚಹಾ ಬೇಡ. ಅದನ್ನು ಎಲ್ಲರೂ ಮಾಡುತ್ತಾರೆ. ವೇದಿಕೆ ಮೇಲೆ ನಾಲ್ಕು ಕೆಲಸಗಾರರನ್ನು ನಿಲ್ಲಿಸಿ ಶಾಲು ಹೊದಿಸುವುದಂತೂ ಬೇಡವೇ ಬೇಡ.

ಕಟ್ಟಡದ ಕೆಲಸದವರು ಇರುವ ಶೆಡ್‌ಗಳಿಗೆ ಭಾನುವಾರ ಸಂಜೆ ಹೋಗಿ. ಹಿಂದಿ ಬರುವ ಇಬ್ಬರು ಹುಡುಗರನ್ನು ಕರೆದುಕೊಂಡು ಹೋಗಿ. ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರು ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬಹುದು. 90 ದಿನದ ಪತ್ರಕ್ಕೆ ಗುತ್ತಿಗೆದಾರ ಸಹಿ ಹಾಕಲು ಎಳೆದಾಡುತ್ತಾನೆ. ಅಲ್ಲಿ ನಿಮ್ಮ ಊರಿನ ನಾಲ್ಕು ಜನ ಜೊತೆಗೆ ನಿಂತರೆ ಸಹಿ ಬೇಗ ಬೀಳುತ್ತದೆ. ಇದೇ ನೀವು ಮಾಡಬಹುದಾದ ದೊಡ್ಡ ಕೆಲಸ. ‘ಅವರು ಹೊರಗಿನವರು, ನಮಗ್ಯಾಕೆ’ ಅಂತ ಸಭೆಯಲ್ಲಿ ಯಾರಾದರೂ ಅಂದರೆ, ಅವರ ಮನೆತನ ಗೋವಾದಿಂದ ಯಾವಾಗ ಬಂತು ಅಂತ ಕೇಳಿ. ಸಂತ ಜೋಸೆಫ್ ವಾಜ್ ಕೂಡ ಗೋವಾದಿಂದ ಇಳಿದು ಕೆನರಾದಲ್ಲಿ ಕೆಲಸ ಮಾಡಿ, ಆಮೇಲೆ ಶ್ರೀಲಂಕಾಕ್ಕೆ ಹೋದವರು.

ಪ್ರಶ್ನೆ: ಬಿಹಾರದ ರೇಷನ್ ಕಾರ್ಡ್ ಕಾರವಾರದಲ್ಲಿ ನಡೆಯುವುದಿಲ್ಲ ಅಂತ ಅಂಗಡಿಯವರು ವಾಪಸ್ ಕಳಿಸಿದರು. ನಿಜವಾ? (ಕಾರವಾರ)

ಉತ್ತರ: ಆಹಾರ ಭದ್ರತಾ ಕಾಯ್ದೆಯಡಿ ಕೊಟ್ಟ ಕಾರ್ಡ್ ಆಗಿದ್ದರೆ ನಡೆಯುತ್ತದೆ. ಬೆರಳಚ್ಚು ಕೊಡಿ. ಮತ್ತೆ ಇಲ್ಲ ಅಂದರೆ ಅಂಗಡಿ ಸಂಖ್ಯೆ ಬರೆದುಕೊಂಡು ಆಹಾರ ಇಲಾಖೆಗೆ ದೂರು ಕೊಡಿ.

ಪ್ರಶ್ನೆ: ನನ್ನದು ಟ್ರಾಲರ್ ಬೋಟು. ಒಡಿಶಾದ ಹುಡುಗರು ಮುಂಗಡ ತೆಗೆದುಕೊಂಡು ಓಡಿಹೋಗುತ್ತಾರೆ ಅಂತ ಅವರ ಆಧಾರ್ ಕಾರ್ಡ್ ನಾನೇ ಇಟ್ಟುಕೊಂಡಿದ್ದೇನೆ. ತಪ್ಪಾ? (ತದಡಿ)

ಉತ್ತರ: ತಪ್ಪು. ಮುಂಗಡ ತೀರುವ ತನಕ ಬಿಡುವುದಿಲ್ಲ ಅಂತ ಕೆಲಸಕ್ಕೆ ಇಟ್ಟುಕೊಂಡರೆ 1976ರ ಜೀತಪದ್ಧತಿ ರದ್ದತಿ ಕಾಯ್ದೆ ನಿಮ್ಮ ಬಾಗಿಲಿಗೆ ಬರುತ್ತದೆ. ಜೀತ ಅಂದರೆ ಹಳೇ ಕಾಲದ ಗದ್ದೆ ಕೆಲಸ ಮಾತ್ರ ಅಂದುಕೊಳ್ಳಬೇಡಿ. ಕಾರ್ಡಿನ ಜೆರಾಕ್ಸ್ ಇಟ್ಟುಕೊಳ್ಳಿ, ಮೂಲ ಕಾರ್ಡ್ ಇವತ್ತೇ ವಾಪಸ್ ಕೊಡಿ. ಸಮುದ್ರಕ್ಕೆ ಹೋಗುವಾಗ ಕರಾವಳಿ ಪೊಲೀಸರು ಕೇಳಿದರೆ ತೋರಿಸಲು ಅವರ ಹತ್ತಿರ ಬೇರೆ ಏನಿದೆ? ಕೊಟ್ಟ ಮುಂಗಡ, ಕಡಿದುಕೊಂಡ ಮೊತ್ತ, ಬಾಕಿ, ಮೂರನ್ನೂ ಪುಸ್ತಕದಲ್ಲಿ ಬರೆದು ಹುಡುಗರ ಸಹಿ ಹಾಕಿಸಿ, ಅವರಿಗೂ ಒಂದು ಪ್ರತಿ ಕೊಡಿ. ಜೂನ್ 1ಕ್ಕೆ ಮೀನುಗಾರಿಕೆ ನಿಷೇಧ ಶುರುವಾಗಿ ಜುಲೈ 31ರ ತನಕ ಬೋಟು ದಡದಲ್ಲೇ ಇರುತ್ತದೆ. ಹುಡುಗರು ಊರಿಗೆ ರೈಲು ಹತ್ತುವುದು ಆಗಲೇ. ಅದಕ್ಕೂ ಮುಂಚೆ ಲೆಕ್ಕ ಚುಕ್ತಾ ಮಾಡಿ. ‘ಆಗಸ್ಟ್‌ನಲ್ಲಿ ಬಂದಾಗ ಕೊಡುತ್ತೇನೆ’ ಅಂದಿರಿ ಅಂತ ಅವರು ನನ್ನ ಹತ್ತಿರ ಬಂದರೆ, ನೋಟಿಸ್ ನಿಮ್ಮ ಹೆಸರಿಗೇ ಬರುತ್ತದೆ.